ಹೆಬ್ಬೆಟ್ಟು ಸಾಲದು, ಜಾಮೀನು ಬೇಕು

(ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ಸಭೆಗೆ ವಿಷಯವನ್ನು ನೀವೇ ಕೊಟ್ಟಿದ್ದೀರಿ. ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಸಂಘದ ವತಿಯಿಂದ ನೀವು ಏನಾದರೂ ಹಾಕಿದರೆ ಜನ ನೋಡುತ್ತಾರೆ, ಹೆಬ್ಬೆಟ್ಟಿನ ಗುರುತು ಒತ್ತುತ್ತಾರೆ, ಆದರೆ ಅದನ್ನು ಮುಂದಕ್ಕೆ ಕಳಿಸುವುದಿಲ್ಲ. ಚಟ್ನಿಪುಡಿಯ ಫೋಟೋ ನಮ್ಮ ನಮ್ಮಲ್ಲೇ ತಿರುಗುತ್ತದೆ, ಗಿರಾಕಿಗಳ ತನಕ ಹೋಗುವುದಿಲ್ಲ. ಮಹಿಳಾ ಸಹಾಯವಾಣಿಯ ನಂಬರು ಹಾಕಿದರೆ ಅದು ಬೇಕಾದವಳಿಗೆ ಮುಟ್ಟುವುದಿಲ್ಲ. ಹೆಚ್ಚು ಜನ ಹಂಚಿಕೊಳ್ಳುವಂತೆ ಮಾಡುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಇದು ಚಿಕ್ಕ ಪ್ರಶ್ನೆಯಲ್ಲ. ಮಾತು ಮುಂದಕ್ಕೆ ಹೋದರೆ ಒಬ್ಬಳ ಕೈಗೆ ಅವಳದೇ ಆದ ನಾಲ್ಕು ಕಾಸು ಬರುತ್ತದೆ. ಕೈಯಲ್ಲಿ ತನ್ನ ದುಡ್ಡಿದ್ದವಳು ಮನೆಯೊಳಗೆ ತಲೆಯೆತ್ತಿ ಮಾತಾಡಬಲ್ಲಳು. ಇನ್ನು ಕೆಲವು ಸಲ ಒಂದು ನಂಬರು ಸರಿಯಾದ ಹೊತ್ತಿಗೆ ಸರಿಯಾದ ಮನೆಗೆ ಮುಟ್ಟಿದರೆ ಒಂದು ಜೀವ ಉಳಿಯುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳೋಣ.

ಹಂಚುವುದೆಂದರೆ ಜಾಮೀನು ನಿಲ್ಲುವುದು

ನಾವೆಲ್ಲ ಸಂಘದಲ್ಲಿ ಸಾಲ ತೆಗೆದುಕೊಂಡವರು, ಸಾಲ ಕೊಟ್ಟವರು. ಒಬ್ಬಳು ಸಾಲ ಕೇಳಿದಾಗ "ಆಗಲಿ" ಎಂದು ತಲೆಯಾಡಿಸುವುದು ಸುಲಭ. ಅವಳಿಗೆ ಜಾಮೀನು ನಿಲ್ಲುವುದು ಅಷ್ಟು ಸುಲಭವಲ್ಲ. ಜಾಮೀನು ನಿಲ್ಲುವಾಗ ನಾವು ಏನು ಯೋಚಿಸುತ್ತೇವೆ? ಇವಳು ಕಂತು ಕಟ್ಟುತ್ತಾಳೋ ಇಲ್ಲವೋ, ಕಟ್ಟದಿದ್ದರೆ ನನ್ನ ಹೆಸರು ಏನಾಗುತ್ತದೆ ಎಂದಲ್ಲವೇ?

ಫೋನಿನಲ್ಲೂ ಅಷ್ಟೇ. ಹೆಬ್ಬೆಟ್ಟಿನ ಗುರುತು ಒತ್ತುವುದು ತಲೆಯಾಡಿಸಿದಂತೆ. ಅದಕ್ಕೆ ಏನೂ ಖರ್ಚಿಲ್ಲ, ಯಾವ ಹೊಣೆಯೂ ಇಲ್ಲ. ಆದರೆ ನಿಮ್ಮ ಸಂದೇಶವನ್ನು ಒಬ್ಬಳು ತನ್ನ ನಾದಿನಿಗೆ, ತನ್ನ ಮಗಳ ಶಾಲೆಯ ಗ್ರೂಪಿಗೆ ಕಳಿಸಿದಳೆಂದರೆ ಅವಳು ನಿಮಗೆ ಜಾಮೀನು ನಿಂತಂತೆ. ಚಟ್ನಿಪುಡಿ ಮುಗ್ಗಲು ಬಂದಿದ್ದರೆ ನಾದಿನಿ ಬೈಯುವುದು ನಿಮ್ಮನ್ನಲ್ಲ, ಕಳಿಸಿದವಳನ್ನು. ಸುದ್ದಿ ಸುಳ್ಳಾದರೆ ಮುಖ ಸಣ್ಣದಾಗುವುದು ಅವಳದೇ.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. "ದಯವಿಟ್ಟು ಶೇರ್ ಮಾಡಿ" ಎಂದು ಹತ್ತು ಸಲ ಬೇಡಿಕೊಂಡರೆ ಯಾರೂ ಜಾಮೀನು ನಿಲ್ಲುವುದಿಲ್ಲ. ಹೆದರಿಸಿದರೂ ನಿಲ್ಲುವುದಿಲ್ಲ. ಹಿಂದೆ ದೇವರ ಹೆಸರಿನಲ್ಲಿ ಅಂಚೆ ಕಾರ್ಡುಗಳು ಬರುತ್ತಿದ್ದವು. ಇಷ್ಟು ಜನರಿಗೆ ಬರೆದು ಕಳಿಸಿದರೆ ಶುಭ, ಹರಿದು ಹಾಕಿದರೆ ಕೇಡು ಎಂದು ಅದರಲ್ಲಿ ಬರೆದಿರುತ್ತಿತ್ತು. ಇವತ್ತು ಅದೇ ಕಾರ್ಡು ಫೋನಿಗೆ ಬಂದಿದೆ. ಹೀಗೆ ಪೀಡಿಸಿ ಹಂಚಿಸುವುದನ್ನು ಕಂಪನಿಗಳೂ ಮೆಚ್ಚುವುದಿಲ್ಲ. "ಲೈಕ್ ಮಾಡಿ, ಶೇರ್ ಮಾಡಿ, ಸ್ನೇಹಿತರನ್ನು ಟ್ಯಾಗ್ ಮಾಡಿ" ಎಂದು ಗೋಗರೆಯುವ ಬರಹಗಳನ್ನು ಕೆಳಗೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಪ್ರಕಟಿಸಿತು.

ಹಾಗಾಗಿ "ನನ್ನ ಸಂದೇಶ ಹೇಗೆ ಓಡಬೇಕು" ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಕಳಿಸುವವಳಿಗೆ ಇದರಿಂದ ಒಳ್ಳೆಯ ಹೆಸರು ಬರುತ್ತದೆಯೇ? ಅವಳು ಯಾರಿಗೆ ಕಳಿಸುತ್ತಾಳೋ ಅವರಿಗೆ ಇದು ಉಪಯೋಗಕ್ಕೆ ಬರುತ್ತದೆಯೇ? ಅವಳಿಗೆ ಇದರಿಂದ ತೊಂದರೆಯಾಗುವುದಿಲ್ಲ ತಾನೇ?

ನೆಲ್ಲೂರಿನ ಒಂದು ಪಾಠ

ಮಾತು ಬಾಯಿಂದ ಬಾಯಿಗೆ ಹೋಗುವುದು ಫೋನು ಬಂದ ಮೇಲೆ ಶುರುವಾದದ್ದಲ್ಲ. ನಮ್ಮ ಪಕ್ಕದ ರಾಜ್ಯದಲ್ಲಿ ಹೆಂಗಸರೇ ನಡೆಸಿದ ಒಂದು ದೊಡ್ಡ ಉದಾಹರಣೆ ಇದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ದಿನವಿಡೀ ಕೂಲಿ ಮಾಡಿ ಬಂದ ಹೆಂಗಸರು ರಾತ್ರಿ ಲಾಟೀನಿನ ಬೆಳಕಿನಲ್ಲಿ ಅಕ್ಷರ ಕಲಿಯುತ್ತಿದ್ದರು. ಅವರ ಪುಸ್ತಕದಲ್ಲಿ ಸೀತಮ್ಮ ಎಂಬ ಹೆಣ್ಣುಮಗಳ ಕತೆ ಇತ್ತು. ಗಂಡನ ಸಾರಾಯಿ ಚಟದಿಂದ ಅವಳ ಸಂಸಾರ ಹಾಳಾಗಿ ಅವಳು ಪ್ರಾಣ ಕಳೆದುಕೊಳ್ಳುವ ಕತೆ ಅದು.

ಕತೆ ಓದಿದವರು "ಪಾಪ" ಎಂದು ಸುಮ್ಮನಾಗಲಿಲ್ಲ. ಇದು ನಮ್ಮ ಮನೆಯ ಕತೆಯೇ ಎಂದರು. 1992ರಲ್ಲಿ ದೂಬಗುಂಟ ಎಂಬ ಊರಿನ ಹೆಂಗಸರು ಒಟ್ಟಾಗಿ ತಮ್ಮ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಸುದ್ದಿಯೇ ಮುಂದಿನ ಪುಸ್ತಕದಲ್ಲಿ ಪಾಠವಾಗಿ ಬಂತು. ಹೆಂಗಸರು ಒಂದಾದರೆ ಏನಾಗುತ್ತದೆ ಎಂಬುದೇ ಆ ಪಾಠದ ಹೆಸರು, ಅದೇ ಅದರ ಅರ್ಥ. ಆ ಪಾಠ ಊರಿಂದ ಊರಿಗೆ ಹೋಯಿತು. ಓದಿದ ಊರಿನವರು ತಮ್ಮೂರಿನ ಅಂಗಡಿಯ ಮುಂದೆ ನಿಂತರು, ಸಾರಾಯಿ ಹರಾಜನ್ನು ತಡೆದರು. ಕಡೆಗೆ 1993ರ ಅಕ್ಟೋಬರ್ 1ರಿಂದ ಆಂಧ್ರ ಸರ್ಕಾರ ಇಡೀ ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಬೇಕಾಯಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಬಂದದ್ದು 2007ರ ಜುಲೈ 1ರಂದು.

ಆ ಕತೆ ಏಕೆ ಅಷ್ಟು ದೂರ ಹೋಯಿತು? ಮೂರು ಕಾರಣಗಳಿವೆ. ಒಂದು, ಅದು ಕೇಳುವವಳ ಬದುಕಿನ ಕತೆಯಾಗಿತ್ತು. ಎರಡು, ಎಲ್ಲರೂ ನೆನಪಿಟ್ಟುಕೊಂಡು ತಮ್ಮ ಮಾತಿನಲ್ಲಿ ಹೇಳುವಷ್ಟು ಸರಳವಾಗಿತ್ತು. ಮೂರು, ದೂಬಗುಂಟದ ಪಾಠದ ಕೊನೆಯಲ್ಲಿ ಒಂದು ಕೆಲಸವಿತ್ತು. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬಹುದು ಎಂಬುದು ಅದನ್ನು ಓದಿದವಳಿಗೆ ತಿಳಿಯುತ್ತಿತ್ತು. ಕೇಳಿದವಳಿಗೆ ಅತ್ತು ಮಲಗುವುದರ ಬದಲು ಎದ್ದು ಹೋಗಲು ಒಂದು ದಾರಿ ಕಂಡಿತು.

ಯಾವುದು ಓಡುತ್ತದೆ, ಯಾವುದು ನಿಲ್ಲುತ್ತದೆ

ಪರದೇಶದಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. 2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸುಮಾರು 7,000 ಬರಹಗಳನ್ನು ತೆಗೆದುಕೊಂಡು, ಓದುಗರು ಯಾವುದನ್ನು ಇತರರಿಗೆ ಹೆಚ್ಚು ಕಳಿಸಿದರು ಎಂಬುದನ್ನು ಪ್ರಕಟಿಸಿದರು. ಬೆರಗು ಹುಟ್ಟಿಸಿದ್ದು, ಸಿಟ್ಟು ತರಿಸಿದ್ದು, ಆತಂಕ ತಂದದ್ದು ಹೆಚ್ಚು ಹೋಗಿತ್ತು. ಉಪಯೋಗಕ್ಕೆ ಬರುವಂಥದ್ದೂ ಹೋಗಿತ್ತು. ಬರೀ ದುಃಖ ತಂದದ್ದು ಕಡಿಮೆ ಹೋಗಿತ್ತು.

ಇದು ನಮಗೆ ಮುಖ್ಯವಾದ ಮಾತು. ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ನಾವು ಹಾಕುವ ಬರಹಗಳು ಬಹುಪಾಲು ಗೋಳಿನ ಕತೆಗಳು. ಓದಿದವಳ ಕಣ್ಣಲ್ಲಿ ನೀರು ಬರುತ್ತದೆ, ಎದೆ ಭಾರವಾಗುತ್ತದೆ, ಫೋನು ಕೆಳಗಿಡುತ್ತಾಳೆ. ಅವಳು ಕಲ್ಲು ಮನಸ್ಸಿನವಳು ಅಂತಲ್ಲ. ದುಃಖ ಮನುಷ್ಯರನ್ನು ಕುಗ್ಗಿಸುತ್ತದೆ, ಕೈ ಕಟ್ಟಿ ಕೂರಿಸುತ್ತದೆ. ಅದೇ ಕತೆಯ ಜೊತೆ "ಹೀಗಾದಾಗ ಇಂಥ ಕಡೆ ಹೋಗಬಹುದು, ಇಂಥ ಕಾಗದ ಕೇಳಬಹುದು" ಎಂದು ಬರೆದಿದ್ದರೆ ಅವಳ ಕೈಗೆ ಒಂದು ಕೆಲಸ ಕೊಟ್ಟಂತಾಗುತ್ತದೆ. ಆಗ ಕಳಿಸುತ್ತಾಳೆ.

ಆದರೆ ಇದೇ ಲೆಕ್ಕದಲ್ಲಿ ಒಂದು ಅಪಾಯವೂ ಇದೆ. ಸಿಟ್ಟು, ಭಯ ಇದ್ದರೆ ಓಡುತ್ತದೆ ಎಂದ ಮೇಲೆ ಸುಳ್ಳು ಹೇಳಿ ಸಿಟ್ಟು ಬರಿಸಿದರೂ ಓಡುತ್ತದೆ. 2018ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ಶೇ 70ರಷ್ಟು ಹೆಚ್ಚು ಎಂದು ಕಂಡುಬಂತು. ಹಾಗೆ ಓಡಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ನಮ್ಮ ನಿಮ್ಮಂಥ ಮನುಷ್ಯರೇ.

ಅದರ ಫಲ ನಮ್ಮ ರಾಜ್ಯದಲ್ಲೇ ಆಗಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಊರೂರು ಸುತ್ತಿದವು. ಅದನ್ನು ಕಳಿಸಿದ ಎಷ್ಟೋ ಜನ ತಾಯಂದಿರು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿದರು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಇವರೇ ಕಳ್ಳರು ಎಂಬ ಸಂದೇಶ ಅವರ ಕಾರಿಗಿಂತ ಮುಂಚೆ ಮುರ್ಕಿ ಎಂಬ ಊರಿಗೆ ಮುಟ್ಟಿತು. ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ತರುಣ ಇಂಜಿನಿಯರ್ ಸತ್ತುಹೋದರು. ಆ ಸಂದೇಶ ಬಹಳ ಚೆನ್ನಾಗಿ "ಶೇರ್" ಆಗಿತ್ತು ಎಂಬುದನ್ನು ಮರೆಯಬಾರದು.

ದೇಶದಲ್ಲಿ ಇಂಥ ಕೊಲೆಗಳು ನಡೆದ ಮೇಲೆ 2018ರ ಜುಲೈನಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮಿತಿ ಹಾಕಿತು. ಬಂದ ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸುವಂತಿಲ್ಲ. 2020ರ ಏಪ್ರಿಲ್‌ನಿಂದ, ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶವಾದರೆ ಒಂದು ಸಲಕ್ಕೆ ಒಂದೇ ಕಡೆ. ಅದರ ಮೇಲೆ ಎರಡು ಬಾಣದ ಗುರುತು ಇರುತ್ತದೆ, ನೀವು ನೋಡಿರುತ್ತೀರಿ. ಹಾಗಾಗಿ ಗುಂಡಿ ಒತ್ತಿ ಊರಿಗೆಲ್ಲ ಎಸೆಯುವ ಕಾಲ ಹೋಯಿತು. ಎರಡು ಬಾಣದ ಸಂದೇಶವನ್ನು ಜನ ಈಗ ಓದದೆಯೇ ದಾಟಿಸುತ್ತಾರೆ. "ಇದನ್ನು ನಾನು ತಿಂದು ನೋಡಿದ್ದೇನೆ", "ಈ ಆಫೀಸಿಗೆ ನಾನೇ ಹೋಗಿದ್ದೆ" ಎಂದು ಒಬ್ಬಳು ತನ್ನ ಕೈಯಾರೆ ಒಂದು ಸಾಲು ಬರೆದು, ಹೆಸರಿಟ್ಟು ಕರೆದು ಐದು ಜನರಿಗೆ ಕಳಿಸಿದರೆ ಅದರ ತೂಕವೇ ಬೇರೆ. ಜಾಮೀನು ಎಂದರೆ ಅದೇ.

ಮಾರಾಟದ ಸಂದೇಶ

ಮೊದಲು ಮಾರಾಟದ ಮಾತು. ಒಂದು ಸಂಘದವರು ಶೇಂಗಾ ಚಟ್ನಿಪುಡಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಹೂವಿನ ಚಿತ್ರದ ಮೇಲೆ "ಶುಭೋದಯ, ನಮ್ಮಲ್ಲಿ ಎಲ್ಲಾ ತರಹದ ಚಟ್ನಿಪುಡಿ, ರೊಟ್ಟಿ, ಹಪ್ಪಳ, ಸಂಡಿಗೆ, ಕೌದಿ, ಟೈಲರಿಂಗ್ ಸಿಗುತ್ತದೆ, ಸಂಪರ್ಕಿಸಿ" ಎಂದು ಬರೆದರೆ ಅದನ್ನು ಯಾರು ಯಾರಿಗೆ ಕಳಿಸಬೇಕು? ಎಲ್ಲರಿಗೂ ಎಂದರೆ ಯಾರಿಗೂ ಅಲ್ಲ.

ಅದರ ಬದಲು ಹೀಗೆ ಬರೆಯಿರಿ: "ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಕಟ್ಟಿ ಕಳಿಸಲು ಶೇಂಗಾ ಚಟ್ನಿಪುಡಿ. ಇದೇ ವಾರ ಕುಟ್ಟಿದ್ದು." ಕೆಳಗೆ ಕಾಲು ಕಿಲೋಗೆ ಇಷ್ಟು, ಅರ್ಧ ಕಿಲೋಗೆ ಇಷ್ಟು, ಎಷ್ಟು ದಿನ ಇರುತ್ತದೆ, ಕುರೆಕುಪ್ಪದಲ್ಲಿ ಎಲ್ಲಿ ಸಿಗುತ್ತದೆ, ಯಾವ ತಾರೀಖಿನ ತನಕ. ಇಷ್ಟೇ. ಇದನ್ನು ಓದಿದ ತಕ್ಷಣ ಒಬ್ಬಳಿಗೆ ತನ್ನ ತಂಗಿಯ ಮಗ ಬಳ್ಳಾರಿಯ ಹಾಸ್ಟೆಲಿನಲ್ಲಿ ಇರುವುದು ನೆನಪಾಗುತ್ತದೆ. ತಂಗಿಗೆ ಕಳಿಸುತ್ತಾಳೆ. ಕಳಿಸಿದ್ದಕ್ಕೆ ತಂಗಿ "ಒಳ್ಳೇದಾತಕ್ಕ" ಎನ್ನುತ್ತಾಳೆ. ಇಬ್ಬರಿಗೂ ಸಂತೋಷ, ನಿಮಗೆ ವ್ಯಾಪಾರ.

ಇನ್ನು ಕೆಲವು ಸಣ್ಣ ವಿಷಯಗಳಿವೆ. ಸಣ್ಣವು ಎಂದು ಬಿಟ್ಟರೆ ಅಲ್ಲೇ ಸೋಲುತ್ತೇವೆ.

ಫೋಟೋ ನಿಮ್ಮದೇ ಇರಲಿ, ಹಗಲು ಬೆಳಕಿನಲ್ಲಿ ತೆಗೆದದ್ದಿರಲಿ. ಬೇರೆಯವರ ಚೆಂದದ ಚಿತ್ರ ಹಾಕಿ ನಿಮ್ಮ ಪುಡಿ ಕೊಟ್ಟರೆ ಜಾಮೀನು ನಿಂತವಳ ಮಾನ ಹೋಗುತ್ತದೆ.

"ನಾಳೆ", "ಇವತ್ತು", "ಈ ಭಾನುವಾರ" ಎಂದು ಬರೆಯಬೇಡಿ. ಸಂದೇಶ ಆರು ತಿಂಗಳಾದರೂ ಸುತ್ತುತ್ತಿರುತ್ತದೆ. ತಾರೀಖು, ತಿಂಗಳು, ವರ್ಷ ಮೂರನ್ನೂ ಬರೆಯಿರಿ.

ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ ಆ ಸಂಖ್ಯೆಯನ್ನು ಹಾಕಿ. ಅಪರಿಚಿತರು ನಂಬುವುದು ಅದರಿಂದ.

ಯಾವ ಸದಸ್ಯೆಯ ಸ್ವಂತ ನಂಬರನ್ನೂ ಹಾಕಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಕರೆಗಳು ಬರುತ್ತವೆ, ಅದರಿಂದ ಮನೆಯಲ್ಲಿ ಜಗಳ ಹುಟ್ಟುತ್ತದೆ. ಸಂಘಕ್ಕೆಂದೇ ಒಂದು ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಇಬ್ಬರು ಸದಸ್ಯೆಯರು ಸರದಿಯಂತೆ ನೋಡಿಕೊಳ್ಳಲಿ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸುವುದಾದರೆ ನೆನಪಿಡಿ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಆದ್ದರಿಂದ ಗಿರಾಕಿಗೆ ಪುಡಿ ಕೊಡುವಾಗಲೇ "ನಂಬರು ಸೇವ್ ಮಾಡಿಕೊಳ್ರಿ" ಎನ್ನಿ.

ನಮ್ಮ ಕುರೆಕುಪ್ಪ, ತೋರಣಗಲ್ಲು ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಯಿಂದಾಗಿ ಹಿಂದಿ, ತೆಲುಗು ಮಾತಾಡುವ ಮನೆಗಳು ಬಹಳ ಇವೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ಓದು ಬಾರದ ಹಿರಿಯರೂ ಇದ್ದಾರೆ. ಅದೇ ಮಾತನ್ನು ಒಂದು ನಿಮಿಷ ಮೀರದ ಹಾಗೆ ಧ್ವನಿ ಸಂದೇಶವಾಗಿ ಆಯಾ ಭಾಷೆ ಬಲ್ಲ ಸದಸ್ಯೆಯಿಂದ ಹೇಳಿಸಿ ಕಳಿಸಿ. ಅಕ್ಷರ ಹೋಗದ ಮನೆಗೆ ದನಿ ಹೋಗುತ್ತದೆ.

ನಮ್ಮ ತಾಲ್ಲೂಕಿನದೇ ಒಂದು ಹೆಮ್ಮೆಯ ಮಾತು ಹೇಳುತ್ತೇನೆ. ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ದೇಶಗಳ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳನ್ನು ಪ್ರದರ್ಶಿಸಲಾಯಿತು. ಅದು ಗಿನ್ನೆಸ್ ದಾಖಲೆಯಾಯಿತು. "ನಮ್ಮ ಸಂಡೂರಿನ ಹೆಂಗಸರು ಮಾಡಿದ್ದು" ಎಂಬ ಒಂದೇ ಸಾಲಿಗೆ ಎಷ್ಟು ಜನ ಜಾಮೀನು ನಿಲ್ಲಬಲ್ಲರು ನೋಡಿ. ಕಸೂತಿ ಮಾಡುವ ಸದಸ್ಯೆಯರು ಚೀಲದ ಫೋಟೋದ ಕೆಳಗೆ ಬರೀ ಬೆಲೆ ಹಾಕಬೇಡಿ. ಇದು ಯಾವ ಹೊಲಿಗೆ, ನಿಮ್ಮ ಭಾಷೆಯಲ್ಲಿ ಅದರ ಹೆಸರೇನು, ಎಷ್ಟು ದಿನ ಹಿಡಿಯಿತು, ಅಜ್ಜಿಯ ಕಾಲದಲ್ಲಿ ಇದನ್ನು ಯಾತಕ್ಕೆ ಬಳಸುತ್ತಿದ್ದರು ಎಂದು ಎರಡು ಸಾಲು ಹೇಳಿ. ಬೆರಗಿನದು ಹೋಗುತ್ತದೆ ಎಂದೆನಲ್ಲ, ಅದು ಇದೇ. ಆದರೆ ಭೌಗೋಳಿಕ ಗುರುತನ್ನು ಬಳಸಲು ಅಧಿಕೃತ ಬಳಕೆದಾರರೆಂದು ನೋಂದಣಿಯಾಗಿರಬೇಕು. ಇಲ್ಲದ ಗುರುತನ್ನು ಹಾಕಿಕೊಳ್ಳುವುದು ಬೇಡ.

ಅವಳ ಕೈಗೆ ಫೋನು ಇದೆಯೇ?

ಈಗ ಕಷ್ಟದ ವಿಷಯಕ್ಕೆ ಬರೋಣ. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ಸಹಾಯದ ಮಾಹಿತಿ ಏಕೆ ಮುಟ್ಟುವುದಿಲ್ಲ? "ನೀವು ಗಂಡನಿಂದ ಹೊಡೆತ ತಿನ್ನುತ್ತಿದ್ದೀರಾ? 181ಕ್ಕೆ ಕರೆ ಮಾಡಿ" ಎಂದು ಕೆಂಪು ಅಕ್ಷರದಲ್ಲಿ ಒಂದು ಚಿತ್ರ ಮಾಡಿ ಹಾಕುತ್ತೇವೆ. ಯಾರೂ ಹಂಚುವುದಿಲ್ಲ. ಏಕೆ ಎಂದು ಅವಳ ಜಾಗದಲ್ಲಿ ನಿಂತು ನೋಡಿ.

ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಅದು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಅವಳದೇ ಫೋನು ಇದ್ದರೂ ಸ್ಟೇಟಸ್ ಹಾಕಿದರೆ ಅತ್ತೆಯ ಕಡೆಯವರು ಇಪ್ಪತ್ನಾಲ್ಕು ಗಂಟೆ ನೋಡುತ್ತಾರೆ. ಈ ಚಿತ್ರ ಹಾಕಿದರೆ "ನಮ್ಮ ಮನೆ ಮರ್ಯಾದೆ ತೆಗೆಯುತ್ತೀಯಾ" ಎಂಬ ಮಾತು ಬರುತ್ತದೆ, ಕೆಲವೊಮ್ಮೆ ಮಾತಿಗೆ ನಿಲ್ಲುವುದೂ ಇಲ್ಲ. ಗೆಳತಿಗೆ ಕಳಿಸೋಣವೆಂದರೆ "ಇವಳಿಗೆ ನನ್ನ ವಿಷಯ ಗೊತ್ತಾಗಿಬಿಟ್ಟಿದೆ" ಎಂದು ಗೆಳತಿ ನೊಂದುಕೊಳ್ಳುತ್ತಾಳೆ. ಅಂದರೆ ಆ ಸಂದೇಶವನ್ನು ಕಳಿಸಿದವಳಿಗೂ ಅಪಾಯ, ಪಡೆದವಳಿಗೂ ಅಪಾಯ. ಇಷ್ಟು ದೊಡ್ಡ ಜಾಮೀನು ಯಾರು ನಿಲ್ಲುತ್ತಾರೆ?

ಹಾಗಾದರೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೆದರದೆ ಕಳಿಸಬಹುದಾದ ಸಂದೇಶ ಮಾಡೋಣ. ಹೆಸರು: "ಮನೆಯಲ್ಲಿ ಬರೆದಿಟ್ಟುಕೊಳ್ಳಬೇಕಾದ ನಂಬರುಗಳು". ಕೆಳಗೆ ಒಂದರ ಕೆಳಗೊಂದು: ಕರೆಂಟಿನ ತೊಂದರೆಗೆ 1912. ಆಂಬುಲೆನ್ಸಿಗೆ 108. ಪೊಲೀಸ್, ಬೆಂಕಿ, ಯಾವುದೇ ತುರ್ತಿಗೆ 112. ಮಕ್ಕಳ ಸಹಾಯಕ್ಕೆ 1098. ಮಹಿಳೆಯರ ಸಹಾಯಕ್ಕೆ 181. ಫೋನಿನಲ್ಲಿ ದುಡ್ಡು ಮೋಸವಾದರೆ ತಕ್ಷಣ 1930. ಇದನ್ನು ಮಾವನೂ ಬೇಡವೆನ್ನುವುದಿಲ್ಲ, ಗಂಡನೇ ತನ್ನ ಗ್ರೂಪಿಗೆ ಹಾಕುತ್ತಾನೆ. ಅಡಿಗೆಮನೆಯ ಗೋಡೆಗೆ ಅಂಟಿಸಬಹುದು. ಅದರೊಳಗೆ 181 ಇದೆ. ಬೇಕಾದವಳ ಕಣ್ಣಿಗೆ ಬೀಳುತ್ತದೆ. ಕಳಿಸಿದವಳು ಯಾರ ಮನೆಯ ಗುಟ್ಟನ್ನೂ ಬಯಲು ಮಾಡಿರುವುದಿಲ್ಲ.

ಎರಡನೆಯದಾಗಿ, ನೇರವಾಗಿ ನೊಂದವಳಿಗೆ ಬರೆಯುವ ಬದಲು ಅವಳ ಅಕ್ಕಪಕ್ಕದವರಿಗೆ ಬರೆಯಿರಿ. "ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ನಾವು ಏನು ಮಾಡಬಹುದು?" ಎಂಬುದು ಎಲ್ಲರೂ ಹಂಚಬಹುದಾದ ಪ್ರಶ್ನೆ. ಅದಕ್ಕೆ ಕಾನೂನಿನಲ್ಲಿ ಉತ್ತರವೂ ಇದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ ಅದರ 4ನೇ ಕಲಮು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಇದು ಉಪಯೋಗದ ಮಾತು, ಕೆಲಸಕ್ಕೆ ಹಚ್ಚುವ ಮಾತು. ಇಂಥದ್ದನ್ನು ಜನ ಇಟ್ಟುಕೊಳ್ಳುತ್ತಾರೆ, ಕಳಿಸುತ್ತಾರೆ.

ಓಡಿದರೂ ಓಡಿಸಬಾರದ್ದು

ಕೆಲವು ಸಂದೇಶಗಳು ಬಹಳ ಬೇಗ ಓಡುತ್ತವೆ. ಅವನ್ನು ನಾವು ಮುಟ್ಟಬಾರದು.

ಪೆಟ್ಟು ತಿಂದ ಹೆಣ್ಣುಮಗಳ ಊದಿದ ಮುಖದ ಫೋಟೋ. ನೋಡಿದವರಿಗೆಲ್ಲ ಸಿಟ್ಟು ಬರುತ್ತದೆ, ಸಾವಿರ ಜನ ಹಂಚುತ್ತಾರೆ. ಆದರೆ ಅವಳು ನಾಳೆ ಅದೇ ಬೀದಿಯಲ್ಲಿ ನೀರಿಗೆ ಹೋಗಬೇಕು, ಅವಳ ಮಗಳು ಅದೇ ಶಾಲೆಗೆ ಹೋಗಬೇಕು. ಅವಳು ಒಪ್ಪಿಗೆ ಕೊಟ್ಟಳು ಎನ್ನಬಹುದು. ನೋವಿನ ಹೊತ್ತಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಮರುದಿನ ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಅಷ್ಟರಲ್ಲಿ ಫೋಟೋ ಕಲಬುರಗಿ ದಾಟಿರುತ್ತದೆ. ಫೋಟೋ ಅವಳ ಕೇಸಿಗೆ ಸಾಕ್ಷಿ. ಅದನ್ನು ಜೋಪಾನವಾಗಿಟ್ಟು ಪೊಲೀಸರಿಗೆ, ವಕೀಲರಿಗೆ ಕೊಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವುದಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ.

ಕಂತು ಕಟ್ಟದವಳ ಹೆಸರು. ಇದು ನಮ್ಮ ಸಂಘಗಳ ಒಳಗಿನ ಮಾತು, ಬೇಸರ ಮಾಡಿಕೊಳ್ಳಬೇಡಿ. ಗ್ರೂಪಿನಲ್ಲಿ ಒಬ್ಬಳ ಹೆಸರು, ಬಾಕಿ ಹಾಕಿ ನಾಚಿಕೆಪಡಿಸಿದರೆ ದುಡ್ಡು ಬರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಅದು ಕ್ಷಣದಲ್ಲಿ ಊರೆಲ್ಲ ಸುತ್ತುತ್ತದೆ. ಮೊದಲು ಮುಟ್ಟುವುದು ಅವಳ ಗಂಡನಿಗೆ. ಆ ರಾತ್ರಿ ಅವಳ ಮನೆಯಲ್ಲಿ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಸಾಲ ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನನ್ನೇ ತರಬೇಕಾಯಿತು. ಬಾಕಿಯ ಮಾತು ವಾರದ ಸಭೆಯಲ್ಲಿ, ಮುಖ ನೋಡಿ, ಪುಸ್ತಕ ಇಟ್ಟುಕೊಂಡು ಆಡಬೇಕಾದದ್ದು.

ಮದುವೆ ಸಂಬಂಧದ ಸಂದೇಶಗಳು. "ಒಳ್ಳೆಯ ಹುಡುಗಿ, ತಂದೆ ಎರಡು ಎಕರೆ ಬರೆದುಕೊಡುತ್ತಾರೆ, ಸೂಕ್ತ ವರ ಬೇಕು" ಎಂದು ಬಂಧುಗಳ ಗ್ರೂಪಿನಲ್ಲಿ ಬಂದರೆ ಒಳ್ಳೆಯ ಕೆಲಸವೆಂದು ನಾವೂ ಮುಂದಕ್ಕೆ ದಾಟಿಸುತ್ತೇವೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಗೆ 1986ರಲ್ಲಿ 4ಎ ಎಂಬ ಕಲಮು ಸೇರಿತು. ಮದುವೆಗೆ ಪ್ರತಿಫಲವಾಗಿ ಆಸ್ತಿ ಅಥವಾ ಹಣ ಕೊಡುತ್ತೇವೆಂದು ಯಾವುದೇ ಮಾಧ್ಯಮದಲ್ಲಿ ಜಾಹೀರಾತು ಕೊಡುವುದು ಅಪರಾಧ. ಕೊಟ್ಟವರಷ್ಟೇ ಅಲ್ಲ, ಅದನ್ನು ಹಂಚುವವರೂ ಅಪರಾಧಿಗಳು ಎಂದು ಅದರಲ್ಲೇ ಇದೆ. ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿವರೆಗೆ ದಂಡ. ಫೋನು ಬರುವ ಎಷ್ಟೋ ಮೊದಲೇ ಕಾನೂನು ಬರೆದವರಿಗೆ, ಹಂಚುವುದೆಂದರೆ ಜಾಮೀನು ನಿಲ್ಲುವುದು ಎಂಬುದು ಗೊತ್ತಿತ್ತು.

ಮುಂದಿನ ವಾರದ ಕೆಲಸ

ಮಾತು ಇಲ್ಲಿಗೆ ಮುಗಿದರೆ ಪ್ರಯೋಜನವಿಲ್ಲ. ಮುಂದಿನ ವಾರದ ಸಭೆಗೆ ಪ್ರತಿ ಸಂಘವೂ ಒಂದೇ ಒಂದು ಸಂದೇಶ ತಯಾರಿಸಲಿ. ಮಾರಾಟದ್ದಾಗಲಿ, ನಂಬರುಗಳ ಪಟ್ಟಿಯಾಗಲಿ. ಸಂದೇಶದಲ್ಲಿ ಒಂದೇ ವಿಷಯವಿರಲಿ. ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದು ಬಾರದ ಸದಸ್ಯೆಗೆ ಒಂದು ಸಲ ಕೇಳಿದ ಕೂಡಲೇ ಅರ್ಥವಾಗಬೇಕು. ಆಗದಿದ್ದರೆ ತಪ್ಪು ಅವಳದಲ್ಲ, ಬರಹದ್ದು.

ಆಮೇಲೆ ಮೂರು ಪ್ರಶ್ನೆ ಕೇಳಿ. ಇದು ನಿಜವೇ? ಇದರಿಂದ ಯಾರಿಗೆ ಉಪಯೋಗ? ಇದರಿಂದ ಯಾರಿಗಾದರೂ ಕೇಡಾಗಬಹುದೇ? ಮೂರಕ್ಕೂ ಉತ್ತರ ಸರಿ ಇದ್ದರೆ ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ. ಅನಂತರ ಪ್ರತಿ ಸದಸ್ಯೆಯೂ ಐದು ಹೆಸರು ಆರಿಸಲಿ. ಇವರಿಗೇ ಏಕೆ ಎಂದು ಅವಳಿಗೆ ಗೊತ್ತಿರಬೇಕು. ಒಬ್ಬೊಬ್ಬರಿಗೂ ಹೆಸರು ಹಿಡಿದು ಒಂದು ಸಾಲು ಬರೆದು ಕಳಿಸಲಿ. ಹದಿನೈದು ಸದಸ್ಯೆಯರಿದ್ದರೆ 75 ಮನೆ. 75 ಕಡಿಮೆ ಎನ್ನಬೇಡಿ. ಆ 75 ಮನೆಯವರಿಗೆ ಕಳಿಸಿದವಳ ಮುಖ ಗೊತ್ತಿರುತ್ತದೆ.

ಆಮೇಲಿನ ವಾರ ಲೆಕ್ಕ ನೋಡಿ. ಹೆಬ್ಬೆಟ್ಟಿನ ಗುರುತುಗಳನ್ನು ಎಣಿಸಬೇಡಿ. ಹಂಚಿಕೆಯ ಸಂಖ್ಯೆಯನ್ನೂ ಬಹಳ ನಂಬಬೇಡಿ. 2016ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಮತ್ತು ಫ್ರಾನ್ಸಿನವರು ಸೇರಿ ಟ್ವಿಟರ್‌ನಲ್ಲಿ ಹಂಚಿದ ಸುದ್ದಿಯ ಕೊಂಡಿಗಳನ್ನು ನೋಡಿದಾಗ ಅವುಗಳಲ್ಲಿ ಶೇ 59ರಷ್ಟನ್ನು ಯಾರೂ ತೆರೆದೇ ಇರಲಿಲ್ಲ. ನಾವು ಎಣಿಸಬೇಕಾದದ್ದು ಎಷ್ಟು ಜನ ಕರೆ ಮಾಡಿದರು, ಎಷ್ಟು ಕಿಲೋ ಪುಡಿ ಹೋಯಿತು, ಎಷ್ಟು ಅಡಿಗೆಮನೆಯ ಗೋಡೆಯಲ್ಲಿ ಆ ನಂಬರುಗಳು ಇವೆ ಎಂಬುದನ್ನು. ಕಳಿಸಿದವಳಿಗೆ ಆ ಲೆಕ್ಕ ತಿಳಿಸಿ. "ನೀನು ಕಳಿಸಿದ್ದರಿಂದ ಮೂರು ಗಿರಾಕಿ ಬಂದರವ್ವ" ಎಂದು ಹೇಳಿ. ತಾನು ನಿಂತ ಜಾಮೀನು ಸಾರ್ಥಕವಾಯಿತು ಎಂದು ತಿಳಿದವಳು ಮುಂದಿನ ಸಲ ಕೇಳುವ ಮೊದಲೇ ನಿಲ್ಲುತ್ತಾಳೆ.

ನೀವೂ ಬೇರೆ ಸಂಘದವರ ಒಳ್ಳೆಯ ಸಂದೇಶಗಳಿಗೆ ಜಾಮೀನು ನಿಲ್ಲಿ. ಕಂಪ್ಲಿಯ ಸಂಘದವರದು, ಹೊಸಪೇಟೆಯವರದು, ತಾಂಡಾದವರದು ನಿಮ್ಮ ಕೈಗೆ ಬಂದಾಗ ನೋಡಿ, ವಿಚಾರಿಸಿ, ಸರಿಯಿದ್ದರೆ ದಾಟಿಸಿ. ಸಾಲ ಕೊಡುವವರು ನಮ್ಮನ್ನು ನಂಬದಿದ್ದ ಕಾಲದಲ್ಲಿ ನಾವು ಒಬ್ಬರಿಗೊಬ್ಬರು ಜಾಮೀನು ನಿಂತೇ ಸಂಘ ಕಟ್ಟಿದೆವು. ದುಡ್ಡಿನ ವಿಷಯದಲ್ಲಿ ಉಳಿಸಿಕೊಂಡ ಆ ನಂಬಿಕೆಯನ್ನು ಮಾತಿನ ವಿಷಯದಲ್ಲೂ ಉಳಿಸಿಕೊಳ್ಳೋಣ.